ಮೋಡದ ಮೇಲೆ ಹೊತ್ತುವ ಕೆಂಪು ಬೆಳಕು, ಅದನ್ನು ಹೊತ್ತಿಸುವ ಸಿಡಿಲು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಂಪು ಸ್ಪ್ರೈಟ್‌ನ ಫೋಟೊ ಒಂದು ವಾಟ್ಸಾಪ್ ಗುಂಪಿಗೆ ಬಂದು ಬಿದ್ದರೆ ಸಾಕು, ಅವೇ ಪ್ರಶ್ನೆಗಳು ಶುರು. ಇದು ನಿಜಾನಾ? ಎಡಿಟ್ ಮಾಡಿದ್ದಾ? ನಮ್ಮೂರಲ್ಲಿ ಕಾಣುತ್ತದಾ? ಪ್ರತಿ ಸಲ ಹೊಸದಾಗಿ ಟೈಪ್ ಮಾಡಿ ಸಾಕಾಯಿತು, ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಹೆಚ್ಚಿನವರಿಗೆ ಮೇಲಿನ ಬೆಳಕಿನ ಮೇಲೇ ಕಣ್ಣು. ನನಗೆ ಕೆಳಗಿನ ಸಿಡಿಲಿನ ಮೇಲೆ ಜಾಸ್ತಿ ಪ್ರೀತಿ. ಯಾಕೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ.

ಸ್ಪ್ರೈಟ್ ಅಂದರೇನು? ಚುಟುಕಾಗಿ ಹೇಳಿ.

ದೊಡ್ಡ ಸಿಡಿಲೊಂದು ನೆಲಕ್ಕೆ ಬಡಿದ ಬೆನ್ನಲ್ಲೇ, ಆ ಮೋಡಕ್ಕಿಂತ ಎಷ್ಟೋ ಮೇಲೆ, ನೆಲದಿಂದ ಸುಮಾರು 40ರಿಂದ 90 ಕಿ.ಮೀ. ಎತ್ತರದ ನಡುವೆ ಕೆಂಪಗೆ ಮಿನುಗಿ ಮಾಯವಾಗುವ ವಿದ್ಯುತ್ ಬೆಳಕು. ಎತ್ತರ ಅಂದಾಜಾಗಬೇಕಾ? ನಾವು ಕೂತು ಹೋಗುವ ವಿಮಾನ ಹಾರುವುದು 10-12 ಕಿ.ಮೀ. ಮೇಲೆ. ಜೋರು ಗುಡುಗು ಮೋಡದ ನೆತ್ತಿ ನಮ್ಮ ಕಡೆ 15 ಕಿ.ಮೀ. ದಾಟಬಹುದು. ಸ್ಪ್ರೈಟ್ ಶುರುವಾಗುವುದೇ 70-80 ಕಿ.ಮೀ. ಹತ್ತಿರ. ಅಲ್ಲಿಂದ ಬೇರಿನ ಹಾಗೆ ಕೆಳಗಿಳಿಯುತ್ತದೆ, ಕೊಂಬೆಯ ಹಾಗೆ ಮೇಲಕ್ಕೂ ಹೋಗುತ್ತದೆ. ಇಷ್ಟೆಲ್ಲ ಆಗುವುದು ಕೆಲವೇ ಮಿಲಿಸೆಕೆಂಡುಗಳಲ್ಲಿ, ಜಾಸ್ತಿ ಅಂದರೆ ಕೆಲವು ಹತ್ತು ಮಿಲಿಸೆಕೆಂಡ್. ನೀವು ಒಮ್ಮೆ ರೆಪ್ಪೆ ಬಡಿಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಮಿಂಚಿಗೂ ಸಿಡಿಲಿಗೂ ಏನು ವ್ಯತ್ಯಾಸ? ಎರಡೂ ಒಂದೇ ಅಲ್ವಾ?

ಈ ವಿಷಯದಲ್ಲಿ ನಮ್ಮ ಕನ್ನಡ ತುಂಬಾ ಚೆನ್ನಾಗಿದೆ. ಕಾಣುವುದು ಮಿಂಚು, ಕೇಳುವುದು ಗುಡುಗು, ನೆಲಕ್ಕೆ ಬಂದು ಬಡಿಯುವುದು ಸಿಡಿಲು. ಮೋಡದ ಒಳಗೇ ಹೊಳೆದು ಮುಗಿಯುವ ಮಿಂಚೇ ಸಂಖ್ಯೆಯಲ್ಲಿ ಹೆಚ್ಚು. ಸ್ಪ್ರೈಟ್‌ಗೆ ಆ ಮಿಂಚು ಸಾಲದು, ಸಿಡಿಲೇ ಬೇಕು. ಅಂದರೆ ಮೋಡದಲ್ಲಿ ಕೂಡಿಟ್ಟ ಚಾರ್ಜ್ ನೆಲಕ್ಕೆ ಇಳಿಯಲೇಬೇಕು.

ಹಾಗಾದರೆ ಪ್ರತಿ ಸಿಡಿಲಿಗೂ ಮೇಲೊಂದು ಸ್ಪ್ರೈಟ್ ಬರುತ್ತದಾ?

ಇಲ್ಲ. ಇಲ್ಲೇ ಕಥೆಯ ರುಚಿ ಇರುವುದು.

ನೆಲಕ್ಕೆ ಬಡಿಯುವ ಸಿಡಿಲುಗಳಲ್ಲಿ ಹತ್ತರಲ್ಲಿ ಒಂಬತ್ತು ಮೋಡದ ನೆಗೆಟಿವ್ ಚಾರ್ಜನ್ನು ಕೆಳಗಿಳಿಸುವಂಥವು. ಉಳಿದ ಒಂದು ಪಾಸಿಟಿವ್ ಚಾರ್ಜನ್ನು ಇಳಿಸುತ್ತದೆ. ಸ್ಪ್ರೈಟ್ ಹೊತ್ತಿಸುವುದು ಹೆಚ್ಚುಕಡಿಮೆ ಯಾವಾಗಲೂ ಈ ಹತ್ತನೆಯದೇ, ಅದೂ ಎಲ್ಲವೂ ಅಲ್ಲ. ನೆಗೆಟಿವ್ ಸಿಡಿಲಿನಿಂದ ಹುಟ್ಟಿದ ಸ್ಪ್ರೈಟ್‌ಗಳೂ ದಾಖಲಾಗಿವೆ, ಆದರೆ ತೀರಾ ಅಪರೂಪ.

ಸಾಮಾನ್ಯ ನೆಗೆಟಿವ್ ಸಿಡಿಲು ಅಂದರೆ ಸುಮಾರು 30,000 ಆಂಪಿಯರ್, ಮೂರ್ನಾಲ್ಕು ಸಲ ಪಟಪಟ ಬಡಿದು ಮುಗಿಯುತ್ತದೆ. ಪಾಸಿಟಿವ್ ಸಿಡಿಲಿನ ಗುಣವೇ ಬೇರೆ. ಸಾಧಾರಣವಾಗಿ ಒಂದೇ ಏಟು, ಆದರೆ ಆ ಏಟು 1,00,000 ಆಂಪಿಯರ್ ದಾಟಿದ್ದೂ ಇದೆ. ಅದಕ್ಕಿಂತ ಮುಖ್ಯ ಅಂದರೆ ಬಡಿದ ಮೇಲೂ ಕರೆಂಟ್ ನಿಲ್ಲುವುದಿಲ್ಲ. ನಲ್ಲಿ ಪೂರ್ತಿ ಕಟ್ಟದೆ ಬಿಟ್ಟ ಹಾಗೆ ಹತ್ತಾರು, ಕೆಲವು ಸಲ ನೂರಾರು ಮಿಲಿಸೆಕೆಂಡ್ ಹರಿಯುತ್ತಲೇ ಇರುತ್ತದೆ. ಒಟ್ಟು ಎಷ್ಟು ಚಾರ್ಜ್ ಇಳಿಯಿತು ಅನ್ನುವುದೇ ಇಲ್ಲಿ ಲೆಕ್ಕ.

ಈ ಪಾಸಿಟಿವ್ ಸಿಡಿಲು ಮಳೆಯ ಯಾವ ಹೊತ್ತಿನಲ್ಲಿ ಬರುತ್ತದೆ?

ಮಳೆ ನೋಡಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಬೇಸಿಗೆಯ ದೊಡ್ಡ ಮಳೆ ಬರುವ ರೀತಿ ನೆನಪಿಸಿಕೊಳ್ಳಿ. ಮೊದಲು ಧೂಳು, ಗಾಳಿ, ಆಮೇಲೆ ಕಿವಿ ಮುಚ್ಚಿಕೊಳ್ಳುವ ಹಾಗೆ ಪಟಪಟ ಸಿಡಿಲು, ದಪ್ಪ ಹನಿ. ಒಂದು ಗಂಟೆಯಲ್ಲಿ ಅಬ್ಬರ ಇಳಿಯುತ್ತದೆ. ಆಮೇಲೆ ಜಿಟಿಜಿಟಿ ಹನಿ ಹಿಡಿದುಕೊಳ್ಳುತ್ತದೆ, ಆಕಾಶವೆಲ್ಲ ಒಂದೇ ಬೂದಿ ಬಣ್ಣ. 'ಮುಗೀತಪ್ಪ' ಅಂತ ಬಾಗಿಲು ತೆಗೆದು ಹೊರಗೆ ಬಂದಾಗ, ಐದು ನಿಮಿಷಕ್ಕೋ ಹತ್ತು ನಿಮಿಷಕ್ಕೋ ಒಮ್ಮೆ, ಆ ಕಡೆಯಿಂದ ಈ ಕಡೆಯವರೆಗೆ ಮೋಡದ ಹೊಟ್ಟೆಯಲ್ಲಿ ಬೆಳಕು ತೆವಳಿಕೊಂಡು ಹೋಗುತ್ತದೆ. ಗುಡುಗು ಕೂಡ ಢಂ ಅನ್ನುವುದಿಲ್ಲ, ಉರುಳುತ್ತಾ ಉರುಳುತ್ತಾ ಅರ್ಧ ನಿಮಿಷ ಹೋಗುತ್ತದೆ.

ಅದೇ ಅದು. ಮಳೆಯ ಮುಂಭಾಗದ ಎತ್ತರದ ಗೋಪುರದಂಥ ಮೋಡದಲ್ಲಿ ಸ್ಪ್ರೈಟ್ ಹುಟ್ಟಿಸುವ ಸಿಡಿಲು ಕಡಿಮೆ. ಹಿಂದೆ ಅಗಲಕ್ಕೆ ಹಾಸಿಕೊಂಡು ಬರುವ ಮೋಡದ ಬಾಲ ಇದೆಯಲ್ಲ, ಅಲ್ಲಿ ನೀರು ಹೆಪ್ಪುಗಟ್ಟುವ ಮಟ್ಟದ ಆಸುಪಾಸಿನಲ್ಲಿ, ಸುಮಾರು 4ರಿಂದ 6 ಕಿ.ಮೀ. ಎತ್ತರದಲ್ಲಿ, ಪಾಸಿಟಿವ್ ಚಾರ್ಜ್ ಚಾಪೆಯ ಹಾಗೆ ಹರಡಿಕೊಂಡಿರುತ್ತದೆ. ಮಿಂಚು ಆ ಚಾಪೆಯ ಉದ್ದಕ್ಕೂ ಜೇಡರ ಬಲೆಯಂತೆ ಕವಲೊಡೆದು ಹತ್ತಾರು, ನೂರಾರು ಕಿ.ಮೀ. ದೂರದ ಚಾರ್ಜನ್ನೆಲ್ಲ ಬಾಚಿ ಒಂದು ಕಡೆ ನೆಲಕ್ಕೆ ಸುರಿಯುತ್ತದೆ.

ನೂರಾರು ಕಿ.ಮೀ. ಅಂದರೆ ಉತ್ಪ್ರೇಕ್ಷೆ ಅಲ್ಲ. ಇದುವರೆಗಿನ ಅತಿ ಉದ್ದದ ಮಿಂಚು ಅಂತ ವಿಶ್ವ ಹವಾಮಾನ ಸಂಸ್ಥೆ 2025ರಲ್ಲಿ ಒಪ್ಪಿಕೊಂಡಿದ್ದು 829 ಕಿ.ಮೀ.ನದು. ಅದು ಅಮೆರಿಕದಲ್ಲಿ 2017ರ ಅಕ್ಟೋಬರ್ 22ರಂದು ಪೂರ್ವ ಟೆಕ್ಸಾಸ್‌ನಿಂದ ಕಾನ್ಸಾಸ್ ಸಿಟಿ ಹತ್ತಿರದವರೆಗೆ ಹರಿದಿತ್ತು. ಬೆಂಗಳೂರಿನಿಂದ ಮುಂಬಯಿಗೆ ನೇರ ಗೆರೆ ಎಳೆದರೆ ಹೆಚ್ಚುಕಡಿಮೆ ಅಷ್ಟೇ ದೂರ.

ಮೋಡದಿಂದ ಚಾರ್ಜ್ ಕೆಳಗೆ ಹೋದರೆ ಮೇಲೆ ಯಾಕೆ ಬೆಳಕು? ಉಲ್ಟಾ ಆಯಿತಲ್ಲ?

ಒಳ್ಳೆಯ ಪ್ರಶ್ನೆ, ನನಗೂ ಇದು ತಲೆಗೆ ಹತ್ತಲು ಟೈಮ್ ಹಿಡಿಯಿತು.

ಮೋಡದಲ್ಲಿ ಚಾರ್ಜ್ ನಿಧಾನವಾಗಿ ಜಮಾ ಆಗುತ್ತಿರುವಾಗ, ಮೇಲಿನ ಗಾಳಿಯಲ್ಲಿರುವ ವಿದ್ಯುತ್ ಕಣಗಳು ಸುಮ್ಮನೆ ಕೂರುವುದಿಲ್ಲ. ಅವು ಸರಿದುಕೊಂಡು, ಮೋಡದ ಚಾರ್ಜಿನ ಎಳೆತವನ್ನು ಮೇಲೆ ತಟ್ಟದ ಹಾಗೆ ಸಮ ಮಾಡಿಬಿಡುತ್ತವೆ. ತಕ್ಕಡಿಯ ಎರಡೂ ತಟ್ಟೆ ಸಮ. ಈಗ ಸಿಡಿಲು ಬಡಿದು ಒಂದು ತಟ್ಟೆಯ ತೂಕವನ್ನು ಥಟ್ಟನೆ ಎತ್ತಿಕೊಂಡು ಹೋಯಿತು ಅನ್ನಿ. ಮೇಲಿನ ಕಣಗಳಿಗೆ ಅಷ್ಟು ಬೇಗ ಸರಿದುಕೊಳ್ಳಲು ಆಗುವುದಿಲ್ಲ. ಕೆಲವು ಮಿಲಿಸೆಕೆಂಡ್ ಹೊತ್ತು ಅಲ್ಲಿ ಭಾರೀ ವಿದ್ಯುತ್ ಕ್ಷೇತ್ರ ಎದ್ದು ನಿಲ್ಲುತ್ತದೆ.

ಆದರೂ 75 ಕಿ.ಮೀ. ಮೇಲೆ ಹೋಗುವಷ್ಟರಲ್ಲಿ ಆ ಕ್ಷೇತ್ರ ಸೊರಗಿರುತ್ತದಲ್ಲ? ಹೌದು, ಸೊರಗುತ್ತದೆ. ಆದರೆ ಗಾಳಿ ಅದಕ್ಕಿಂತ ಬೇಗ ತೆಳುವಾಗುತ್ತದೆ. ಅಲ್ಲಿನ ಗಾಳಿ ನೆಲದ ಗಾಳಿಗಿಂತ ಹತ್ತಾರು ಸಾವಿರ ಪಟ್ಟು ತೆಳು. ತೆಳು ಗಾಳಿಯಲ್ಲಿ ಎಲೆಕ್ಟ್ರಾನ್‌ಗಳಿಗೆ ಡಿಕ್ಕಿ ಕಡಿಮೆ, ಓಡಲು ಜಾಗ ಜಾಸ್ತಿ, ಹಾಗಾಗಿ ಸ್ವಲ್ಪ ತಳ್ಳಿದರೂ ಸಾಕು, ಗಾಳಿ ಹೊತ್ತಿಕೊಳ್ಳುತ್ತದೆ. ಮನೆಯ ಹಳೇ ಟ್ಯೂಬ್‌ಲೈಟ್ ಕೂಡ ಹೀಗೇ. ಒಳಗಿನ ಗಾಳಿ ತೆಗೆದು ತೀರಾ ಕಡಿಮೆ ಒತ್ತಡದ ಅನಿಲ ತುಂಬಿದ್ದಕ್ಕೇ ಅದು ಹತ್ತುವುದು.

ಈ ಮಾತನ್ನು ಮೊದಲು ಹೇಳಿದ್ದು ಸ್ಕಾಟ್ಲೆಂಡಿನ ಸಿ.ಟಿ.ಆರ್. ವಿಲ್ಸನ್, 1920ರ ದಶಕದಲ್ಲಿ. ವಿದ್ಯುತ್ ಕಣಗಳ ಜಾಡು ಕಾಣಿಸುವ ಕ್ಲೌಡ್ ಚೇಂಬರ್‌ಗೆ 1927ರಲ್ಲಿ ನೊಬೆಲ್ ಪಡೆದ ಅದೇ ವಿಲ್ಸನ್. ಒಂದು ಫೋಟೊ ಇಲ್ಲ, ಏನಿಲ್ಲ, ಬರೀ ಕಾಗದದ ಮೇಲಿನ ಲೆಕ್ಕ. ಕ್ಯಾಮೆರಾಕ್ಕೆ ಅದು ಸಿಗಲು ಇನ್ನೂ ಅರವತ್ತು ವರ್ಷ ಬೇಕಾಯಿತು.

ಎಷ್ಟು ದೊಡ್ಡ ಸಿಡಿಲಾದರೆ ಸಾಕು? ಅಳತೆ ಏನಾದರೂ ಇದೆಯಾ?

ಇದೆ. ಕೆಳಗಿಳಿದ ಚಾರ್ಜನ್ನು ಕೂಲಂಬ್‌ನಲ್ಲಿ, ಅದು ಇಳಿದ ಎತ್ತರವನ್ನು ಕಿ.ಮೀ.ನಲ್ಲಿ ತೆಗೆದುಕೊಂಡು ಗುಣಿಸಿ. ಇದಕ್ಕೆ ಚಾರ್ಜ್ ಮೊಮೆಂಟ್ ಬದಲಾವಣೆ ಅನ್ನುತ್ತಾರೆ. ಸಾಮಾನ್ಯ ಸಿಡಿಲು 5 ಕೂಲಂಬನ್ನು 6 ಕಿ.ಮೀ.ನಿಂದ ಇಳಿಸಿದರೆ 30 ಆಯಿತು. ಅದರಿಂದ ಏನೂ ಆಗುವುದಿಲ್ಲ. 100 ಕೂಲಂಬ್ ಇಳಿದರೆ 600. ಇಂಥ ಕೆಲವು ನೂರರ ಲೆಕ್ಕ ಮುಟ್ಟಿದಾಗ ಸ್ಪ್ರೈಟ್‌ಗೆ ಅವಕಾಶ ಬರುತ್ತದೆ. ಒಂದೇ ಗೆರೆ ಎಳೆದು 'ಇದರ ಮೇಲೆ ಖಂಡಿತ' ಅನ್ನಲು ಬರುವುದಿಲ್ಲ, ಆ ರಾತ್ರಿಯ ಮೇಲಿನ ಗಾಳಿ ಹೇಗಿದೆ ಅನ್ನುವುದೂ ಸೇರಿಕೊಳ್ಳುತ್ತದೆ.

ಸಿಡಿಲು ಬಡಿದ ಕೂಡಲೇ ಚಾರ್ಜೆಲ್ಲ ಇಳಿದರೆ ಸ್ಪ್ರೈಟ್ ಕೆಲವೇ ಮಿಲಿಸೆಕೆಂಡಲ್ಲಿ ಬಂದುಬಿಡುತ್ತದೆ, ಹೆಚ್ಚಾಗಿ ನೆಟ್ಟಗಿನ ಕಂಬಗಳ ಹಾಗೆ. ಕರೆಂಟ್ ನಿಧಾನವಾಗಿ ಹರಿದರೆ ಬರುವುದು ತಡ, 100 ಮಿಲಿಸೆಕೆಂಡಾದರೂ ಆಗಬಹುದು, ಆಗ ಕ್ಯಾರೆಟ್‌ನಂಥ, ಜೆಲ್ಲಿಮೀನಿನಂಥ ದೊಡ್ಡ ಆಕಾರಗಳು. ಇನ್ನೊಂದು ತಮಾಷೆ ಅಂದರೆ ಸ್ಪ್ರೈಟ್ ಸಿಡಿಲಿನ ನೆತ್ತಿಯ ಮೇಲೇ ಬರಬೇಕು ಅಂತಿಲ್ಲ, ಹತ್ತಾರು ಕಿ.ಮೀ. ಪಕ್ಕಕ್ಕೂ ಬರುತ್ತದೆ.

ಕೆಂಪು ಯಾಕೆ?

ಗಾಳಿಯ ನೈಟ್ರೋಜನ್‌ನಿಂದ. ಅಷ್ಟು ಎತ್ತರದಲ್ಲಿ ಎಲೆಕ್ಟ್ರಾನ್ ಗುದ್ದಿದ ನೈಟ್ರೋಜನ್ ಅಣು ಕೆಂಪು ಬೆಳಕು ಬಿಟ್ಟು ಸುಧಾರಿಸಿಕೊಳ್ಳುತ್ತದೆ. ಕೆಳಗಿನ ಬೇರುಗಳಲ್ಲಿ ಗಾಳಿ ದಟ್ಟ, ಅಲ್ಲಿ ನೀಲಿ, ನೇರಳೆ ಛಾಯೆ.

ಅಂದರೆ ಇದು ಮೇಲಕ್ಕೆ ಹೋಗುವ ಸಿಡಿಲು ಅನ್ನಬಹುದಾ?

ದಯವಿಟ್ಟು ಅನ್ನಬೇಡಿ. ಸಿಡಿಲು ಅಂದರೆ ಕಾದು ಕೆಂಡವಾದ ದಾರಿ, ಸೂರ್ಯನ ಮೇಲ್ಮೈಗಿಂತ ಬಿಸಿ. ಸ್ಪ್ರೈಟ್ ತಣ್ಣಗಿನ ಬೆಳಕು, ಟ್ಯೂಬ್‌ಲೈಟ್ ಜಾತಿಯದು. ಸಿಡಿಲಿನಿಂದ ಸ್ಪ್ರೈಟ್‌ಗೆ ತಂತಿ ಎಳೆದ ಹಾಗೆ ಸಂಪರ್ಕವೂ ಇಲ್ಲ, ನಡುವೆ ಹತ್ತಾರು ಕಿ.ಮೀ. ಕತ್ತಲೆ. ಮೋಡದ ನೆತ್ತಿಯಿಂದಲೇ ಹೊರಟು ಮೇಲಕ್ಕೆ ಚಿಮ್ಮುವುದು ಬೇರೆ, ಅದು ಜೆಟ್. ಅದರ ವಿಷಯ ಕೆಳಗಿದೆ.

ಮೊದಲು ನೋಡಿದವರು ಯಾರು?

ಬರಿಗಣ್ಣಿಗೆ ಕಂಡವರು ಎಷ್ಟೋ ಜನ ಇದ್ದಿರಬೇಕು. ಪೈಲಟ್‌ಗಳು ಹೇಳುತ್ತಿದ್ದರು, ನಂಬುವವರು ಕಡಿಮೆ. ಸಾಕ್ಷಿ ಸಿಕ್ಕಿದ್ದು 1989ರ ಜುಲೈ 6ರ ರಾತ್ರಿ, ಅದೂ ಆಕಸ್ಮಿಕವಾಗಿ. ಮಿನೆಸೋಟ ವಿಶ್ವವಿದ್ಯಾಲಯದ ಜಾನ್ ವಿಂಕ್ಲರ್ ಮತ್ತು ಅವರ ಜೊತೆಗಾರರು ರಾಕೆಟ್ ಪ್ರಯೋಗಕ್ಕೆ ಬೇಕಾದ, ಮಂದ ಬೆಳಕಲ್ಲೂ ಕೆಲಸ ಮಾಡುವ ಟಿವಿ ಕ್ಯಾಮೆರಾ ಒಂದನ್ನು ಪರೀಕ್ಷೆ ಮಾಡುತ್ತಿದ್ದರು. ಟೇಪ್ ಹಿಂದಕ್ಕೆ ಹಾಕಿ ನೋಡಿದರೆ ದೂರದ ಮೋಡದ ಮೇಲೆ ಎರಡು ಬೆಳಕಿನ ಕಂಬ! 1990ರಲ್ಲಿ ಪ್ರಕಟಿಸಿದರು.

ಆಮೇಲೆ ಬಾಹ್ಯಾಕಾಶ ಷಟಲ್‌ಗಳ ಹಳೇ ವಿಡಿಯೊ ಹುಡುಕಿದರೆ ಅಲ್ಲೂ ಸಿಕ್ಕವು. 1993ರಿಂದ ಕೊಲೊರಾಡೊದ ಯಕ್ಕಾ ರಿಡ್ಜ್‌ನಲ್ಲಿ ವಾಲ್ಟರ್ ಲಯನ್ಸ್ ರಾತ್ರಿಯಿಡೀ ಕ್ಯಾಮೆರಾ ತಿರುಗಿಸಿಟ್ಟು ನೂರಾರು ಹಿಡಿದರು. ಬಣ್ಣ ಕೆಂಪು ಅಂತ ಖಾತರಿಯಾಗಿದ್ದು 1994ರಲ್ಲಿ, ಅಲಾಸ್ಕಾ ವಿಶ್ವವಿದ್ಯಾಲಯದ ಡೇವಿಸ್ ಸೆಂಟ್‌ಮನ್ ತಂಡ ವಿಮಾನದಿಂದ ತೆಗೆದ ಚಿತ್ರಗಳಿಂದ. ಸ್ಪ್ರೈಟ್ ಅಂತ ಹೆಸರಿಟ್ಟವರೂ ಅವರೇ. ಇಂಗ್ಲಿಷ್ ಜನಪದದ ಕಣ್ಣಾಮುಚ್ಚಾಲೆ ಆಡುವ ಪುಟ್ಟ ಯಕ್ಷರ ಹೆಸರದು. ನಾವೇ ಮೊದಲು ಕಂಡಿದ್ದರೆ ಕೊಳ್ಳಿದೆವ್ವ ಅಂತ ಇಟ್ಟುಬಿಡುತ್ತಿದ್ದೆವೇನೋ.

ಎಲ್ವ್, ಹೇಲೊ, ಬ್ಲೂ ಜೆಟ್... ಇವೆಲ್ಲ ಏನು?

ಒಂದೇ ಓಣಿಯ ಬೇರೆ ಬೇರೆ ಮನೆ. ಎಲ್ವ್ ಅಂದರೆ ಸುಮಾರು 90 ಕಿ.ಮೀ. ಎತ್ತರದಲ್ಲಿ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತಲ್ಲಿ 300 ಕಿ.ಮೀ.ಗೂ ಅಗಲವಾಗಿ ಹರಡುವ ಬೆಳಕಿನ ಉಂಗುರ. ಸಿಡಿಲಿನ ರೇಡಿಯೊ ಅಲೆಯ ಹೊಡೆತದಿಂದ ಆಗುವುದು. ಹಾಗಾಗಿ ಇದಕ್ಕೆ ಎಷ್ಟು ಚಾರ್ಜ್ ಇಳಿಯಿತು ಅನ್ನುವುದಕ್ಕಿಂತ ಏಟು ಎಷ್ಟು ಜೋರು ಅನ್ನುವುದು ಮುಖ್ಯ, ಪಾಸಿಟಿವ್ ನೆಗೆಟಿವ್ ಭೇದ ಇಲ್ಲ. ಹೇಲೊ ಅಂದರೆ ಸ್ಪ್ರೈಟ್‌ಗೆ ಸ್ವಲ್ಪ ಮೊದಲು 80 ಕಿ.ಮೀ. ಆಸುಪಾಸಿನಲ್ಲಿ ಕಾಣುವ ಮಬ್ಬು ತಟ್ಟೆ.

ಬ್ಲೂ ಜೆಟ್ ಮೋಡದ ತಲೆಯಿಂದ 40-50 ಕಿ.ಮೀ.ವರೆಗೆ ಚಿಮ್ಮುತ್ತದೆ. ಇನ್ನೂ ಮುಂದೆ ಹೋಗಿ 80-90 ಕಿ.ಮೀ. ಮುಟ್ಟಿದರೆ ಅದು ದೈತ್ಯ ಜೆಟ್. 2001ರಲ್ಲಿ ಪೋರ್ಟೊ ರಿಕೊದಿಂದ, 2002ರಲ್ಲಿ ತೈವಾನ್‌ನಿಂದ ಇವನ್ನು ಹಿಡಿದ ಮೇಲೆ ಗುಡುಗು ಮೋಡವೇ ನೇರವಾಗಿ ಅಯಾನುಮಂಡಲಕ್ಕೆ, ಅಂದರೆ ವಿದ್ಯುತ್ ಕಣಗಳು ತುಂಬಿದ ಗಾಳಿಯ ಮೇಲಿನ ಪದರಕ್ಕೆ, ಕೈಚಾಚಬಲ್ಲದು ಅಂತ ಗೊತ್ತಾಯಿತು. 2025ರ ಜುಲೈನಲ್ಲಿ ಗಗನಯಾತ್ರಿ ನಿಕೋಲ್ ಏಯರ್ಸ್ ಬಾಹ್ಯಾಕಾಶ ನಿಲ್ದಾಣದಿಂದ ತೆಗೆದ ಫೋಟೊ ಎಲ್ಲೆಡೆ ಸ್ಪ್ರೈಟ್ ಅಂತ ಓಡಾಡಿತಲ್ಲ, ಅದು ಕೂಡ ದೈತ್ಯ ಜೆಟ್ ಅಂತ ಆಮೇಲೆ ಗುರುತಿಸಿದರು. ಬುಡದಲ್ಲಿ ಮೋಡದಿಂದ ಎದ್ದ ಕಾಂಡ ಕಾಣುತ್ತದಾ ನೋಡಿ, ಅದೇ ಗುರುತು.

ಹಸಿರು 'ಘೋಸ್ಟ್' ಅಂತಲೂ ಒಂದಿದೆ. ದೊಡ್ಡ ಸ್ಪ್ರೈಟ್ ಆರಿದ ಮೇಲೆ ಅದರ ತಲೆಯ ಮೇಲೆ ಸ್ವಲ್ಪ ಹೊತ್ತು ಉಳಿಯುವ ಹಸಿರು ಮಬ್ಬು. ಇದನ್ನು 2019ರಲ್ಲಿ ಗುರುತಿಸಿದ್ದು ಹವ್ಯಾಸಿಗಳು. ನನಗೆ ಈ ಕ್ಷೇತ್ರ ಇಷ್ಟವಾಗಲು ಅದೂ ಒಂದು ಕಾರಣ.

ಭಾರತದ ಮೇಲೆ ಯಾವತ್ತಾದರೂ ಕಂಡಿದೆಯಾ?

ಬೇಕಾದಷ್ಟು. 2015ರ ಸೆಪ್ಟೆಂಬರ್‌ನಲ್ಲಿ ಡೆನ್ಮಾರ್ಕಿನ ಗಗನಯಾತ್ರಿ ಆಂಡ್ರಿಯಾಸ್ ಮೊಗೆನ್ಸನ್ ನಿಲ್ದಾಣದ ಕಿಟಕಿಯಿಂದ ಕ್ಯಾಮೆರಾ ಹಿಡಿದಾಗ ಕೆಳಗಿದ್ದದ್ದು ಬಂಗಾಳ ಕೊಲ್ಲಿಯ ಗುಡುಗು ಮೋಡ. 160 ಸೆಕೆಂಡಿನ ವಿಡಿಯೊದಲ್ಲಿ 245 ನೀಲಿ ಮಿನುಗು ಸಿಕ್ಕವು, ಒಂದು ಜೆಟ್ 40 ಕಿ.ಮೀ.ವರೆಗೆ ಹೋಗಿತ್ತು. ಮುಂಗಾರಿನ ಮೋಡದಿಂದ ಎದ್ದ ದೈತ್ಯ ಜೆಟ್‌ಗಳನ್ನು ನಮ್ಮ ಉಪಖಂಡದಿಂದ ಮೊದಲು ಹಿಡಿದ ವರದಿ 2017ರಲ್ಲಿ ಬಂತು, ಭಾರತೀಯ ಭೂಕಾಂತ ಸಂಸ್ಥೆಯ ವಿಜ್ಞಾನಿಗಳಿಂದ.

ಇನ್ನು ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ಷಟಲ್. ಅದರಲ್ಲಿ ಇಸ್ರೇಲಿನ ಪ್ರಯೋಗವೊಂದು ಇತ್ತು, ಹಗಲು ಮರುಭೂಮಿಯ ಧೂಳು ನೋಡುವುದು, ರಾತ್ರಿ ಅದೇ ಕ್ಯಾಮೆರಾವನ್ನು ಗುಡುಗು ಮೋಡಗಳ ಕಡೆ ತಿರುಗಿಸುವುದು. 2003ರ ಫೆಬ್ರುವರಿ 1ರಂದು ಷಟಲ್ ಉರಿದು ಚೂರಾಯಿತು, ಏಳು ಜನರೂ ಹೋದರು. ಆದರೆ ಅದಕ್ಕೂ ಮೊದಲೇ ನೆಲಕ್ಕೆ ಕಳಿಸಿದ್ದ ವಿಡಿಯೊಗಳಲ್ಲಿ ಸ್ಪ್ರೈಟ್‌ಗಳೂ ಎಲ್ವ್‌ಗಳೂ ಇದ್ದವು.

ಕರ್ನಾಟಕದಿಂದ ಕಾಣುತ್ತದಾ? ಎಲ್ಲಿ ನೋಡಬೇಕು?

ಕಾಣಬಾರದು ಅನ್ನುವುದಕ್ಕೆ ಯಾವ ಕಾರಣವೂ ಇಲ್ಲ. ಏಪ್ರಿಲ್-ಮೇ ತಿಂಗಳ ಅಶ್ವಿನಿ, ಭರಣಿ ಮಳೆಯ ಹೊತ್ತು, ಆಮೇಲೆ ಅಕ್ಟೋಬರ್, ಇವೇ ನಮ್ಮ ಗುಡುಗಿನ ಕಾಲ. ಜೂನ್-ಜುಲೈಯ ಮಲೆನಾಡಿನ ಜಡಿಮಳೆಯಲ್ಲಿ ಆಕಾಶವೇ ಕಾಣುವುದಿಲ್ಲ, ಬಿಟ್ಟುಬಿಡಿ.

ಎಲ್ಲರೂ ಮಾಡುವ ತಪ್ಪು ಅಂದರೆ ತಲೆಯ ಮೇಲಿನ ಮೋಡ ನೋಡುತ್ತಾ ಕೂರುವುದು. ಮೋಡ ಅಡ್ಡ ಇದ್ದರೆ ಅದರ ಮೇಲಿನದ್ದು ಹೇಗೆ ಕಾಣಬೇಕು? ಮೋಡ 150ರಿಂದ 300 ಕಿ.ಮೀ. ದೂರ ಇರಬೇಕು, ನಿಮ್ಮ ಮೇಲೆ ನಕ್ಷತ್ರ ಕಾಣಬೇಕು. ನೀವು 250 ಕಿ.ಮೀ. ದೂರದಲ್ಲಿದ್ದೀರಿ ಅಂದುಕೊಳ್ಳಿ. ಅಲ್ಲಿಂದ ಮೋಡದ ನೆತ್ತಿ ದಿಗಂತದಿಂದ ಎರಡು ಡಿಗ್ರಿ ಮೇಲೆ ಅಷ್ಟೇ. ಸ್ಪ್ರೈಟ್ ಬರುವುದು ಸುಮಾರು 9ರಿಂದ 18 ಡಿಗ್ರಿ ನಡುವೆ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಅಂದರೆ 10 ಡಿಗ್ರಿ. ಹಾಗಾಗಿ ದಿಗಂತದಿಂದ ಒಂದನೇ ಮುಷ್ಟಿಗೂ ಎರಡನೇ ಮುಷ್ಟಿಗೂ ನಡುವಿನ ಜಾಗ ನೋಡಿ. ಕೆಳಗಿನ ಮಿಂಚನ್ನು ಕೈಯಿಂದಲೋ ಗೋಡೆಯಿಂದಲೋ ಮರೆಮಾಡಿದರೆ ಕಣ್ಣು ಕುಕ್ಕುವುದಿಲ್ಲ.

ಬೆಂಗಳೂರಿನ ಒಳಗಿನ ಟೆರೇಸ್‌ನಿಂದ ಕಷ್ಟ, ಬೀದಿ ದೀಪಗಳ ಹೊಳಪೇ ಎಲ್ಲ ನುಂಗುತ್ತದೆ. ಚಿತ್ರದುರ್ಗ, ಪಾವಗಡದ ಕಡೆಯ ಬಯಲು, ಎದುರಿಗೆ ಗುಡ್ಡ ಇಲ್ಲದ ಜಾಗ, ಒಳ್ಳೆಯದು. ನಾನಂತೂ ಎರಡು ಬೇಸಿಗೆ ಸೊಳ್ಳೆ ಕಚ್ಚಿಸಿಕೊಂಡು ಬರಿಗೈಯಲ್ಲಿ ವಾಪಸ್ ಬಂದಿದ್ದೇನೆ, ಅದನ್ನೂ ಹೇಳಿಬಿಡುತ್ತೇನೆ.

ಫೋಟೊ ಹಿಡಿಯುವುದು ಹೇಗೆ? ಫೋನ್ ಸಾಕಾ?

ಫೋನಿನ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಬೆಳಕು ಚೆನ್ನಾಗಿ ನುಂಗುವ ಲೆನ್ಸ್ ಇರುವ, ಎಫ್ 1.4ರಿಂದ 2ರವರೆಗಿನ, ಒಂದು ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಕೆಲಸ ಆಗುತ್ತದೆ. ಟ್ರೈಪಾಡ್ ಮೇಲಿಟ್ಟು, ನಕ್ಷತ್ರಕ್ಕೆ ಕೈಯಾರೆ ಫೋಕಸ್ ಮಾಡಿ, ಐಎಸ್ಒ 3200ರಿಂದ ಮೇಲಕ್ಕೆ ಏರಿಸಿ, ವಿಡಿಯೊ ಹಾಕಿ ಬಿಡಿ. ಅಥವಾ ಒಂದೆರಡು ಸೆಕೆಂಡಿನ ಫೋಟೊಗಳನ್ನು ಬಿಡುವಿಲ್ಲದೆ ತೆಗೆಯುತ್ತಾ ಹೋಗಿ. ಮಿಂಚು ಕಂಡ ಮೇಲೆ ಬಟನ್ ಒತ್ತುತ್ತೇನೆ ಅಂದರೆ ಆಗದು. ಅಷ್ಟರಲ್ಲಿ ಸ್ಪ್ರೈಟ್ ಬಂದು, ಹೋಗಿ, ಮರೆತೂ ಹೋಗಿರುತ್ತದೆ. ಕೆಲಸ ಇರುವುದು ಮಾರನೇ ದಿನ, ಸಾವಿರಾರು ಫ್ರೇಮ್ ತಿರುವಿ ಹಾಕುವುದರಲ್ಲಿ.

ಮೋಡ ಎಲ್ಲಿದೆ ಅಂತ ತಿಳಿಯಲು ಹವಾಮಾನ ಇಲಾಖೆಯ ಇನ್ಸಾಟ್ ಉಪಗ್ರಹ ಚಿತ್ರ ನೋಡಿ. ಅಗಲಕ್ಕೆ ಹರಡಿಕೊಂಡ, ಸಾಯುತ್ತಿರುವಂತೆ ಕಾಣುವ ದೊಡ್ಡ ಮೋಡವೇ ನಿಮ್ಮ ಗುರಿ, ಈಗಷ್ಟೇ ಎದ್ದ ಚಿಕ್ಕದಲ್ಲ.

ವಿಮಾನಕ್ಕೆ, ನಮಗೆ ಅಪಾಯ ಇದೆಯಾ?

ಸ್ಪ್ರೈಟ್‌ನಿಂದ ಇಲ್ಲ. ವಿಮಾನ ಅದಕ್ಕಿಂತ ಎಷ್ಟೋ ಕೆಳಗೆ ಹಾರುತ್ತದೆ. ಅಪಾಯ ಇರುವುದು ಅದನ್ನು ಹುಟ್ಟಿಸಿದ ಸಿಡಿಲಿನಿಂದ. ಮಳೆ ತಗ್ಗಿತು ಅಂತ ದನ ಬಿಡಲು, ಬಟ್ಟೆ ತೆಗೆಯಲು ಹೊರಗೆ ಹೋಗುವ ಹೊತ್ತೇ ಈ ಬಾಲದ ಸಿಡಿಲಿನ ಹೊತ್ತು. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಒಳಗೇ ಇರಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುತ್ತದೆ, ಫೋನಲ್ಲಿ ಹಾಕಿಕೊಳ್ಳಿ.

ಶಬ್ದ ಬರುತ್ತದಾ?

ಕಿವಿಗೆ ಇಲ್ಲ. ಕಿವಿಗೆ ಸಿಗದಷ್ಟು ತಗ್ಗಿನ ದನಿಯನ್ನು ಯೂರೋಪಿನಲ್ಲಿ ಉಪಕರಣಗಳು ಹಿಡಿದಿವೆ.

ಫೋಟೊ ನಕಲಿ ಅಂತ ಗುರುತಿಸುವುದು ಹೇಗೆ?

ಜೆಲ್ಲಿಮೀನು ಪಕ್ಕದ ಮನೆಯ ನೀರಿನ ಟ್ಯಾಂಕಿ ಮೇಲೆ ಕೂತ ಹಾಗಿದ್ದರೆ, ಹಿನ್ನೆಲೆಯಲ್ಲಿ ನಕ್ಷತ್ರವೇ ಇಲ್ಲದಿದ್ದರೆ ಅನುಮಾನ ಪಡಿ. ಒಂದೇ ಚಿತ್ರದಲ್ಲಿ ಹತ್ತು ಹದಿನೈದು ಗೊಂಚಲು ಕಂಡರೆ ಅದು ರಾತ್ರಿಯಿಡೀ ತೆಗೆದ ಫ್ರೇಮ್‌ಗಳನ್ನು ಒಂದರ ಮೇಲೊಂದು ಪೇರಿಸಿದ್ದಿರಬಹುದು. ಅದು ಮೋಸ ಅಲ್ಲ, ಆದರೆ ಹಾಗಂತ ಬರೆಯಬೇಕು.

ನನಗೆ ಸಿಕ್ಕೇಬಿಟ್ಟರೆ ಏನು ಮಾಡಲಿ?

ಮೂಲ ಫೈಲನ್ನು ಕತ್ತರಿಸದೆ ಇಟ್ಟುಕೊಳ್ಳಿ. ಹೊರಡುವ ಮೊದಲೇ ಕ್ಯಾಮೆರಾದ ಗಡಿಯಾರವನ್ನು ಸೆಕೆಂಡಿನವರೆಗೆ ಸರಿ ಮಾಡಿ, ನಿಂತ ಜಾಗವನ್ನು ಬರೆದುಕೊಳ್ಳಿ. ಯಾಕೆ ಅಂದರೆ, 2022ರ ಮೇ 19ರ ರಾತ್ರಿ ಇಬ್ಬರು ಚೀನೀ ಛಾಯಾಗ್ರಾಹಕರು ಟಿಬೆಟ್‌ನ ಒಂದು ಸರೋವರದ ದಡದಿಂದ ಹಿಮಾಲಯದ ಕಡೆ ಕ್ಯಾಮೆರಾ ಇಟ್ಟು 105 ಸ್ಪ್ರೈಟ್ ಹಿಡಿದರು. ಗಂಗಾ ಬಯಲಿನಿಂದ ಟಿಬೆಟ್ ಪ್ರಸ್ಥಭೂಮಿಯ ಬುಡದವರೆಗೆ ಹರಡಿದ್ದ ಮೋಡ ಅದು. ಆದರೆ ವಿಡಿಯೊದಲ್ಲಿ ನಿಖರ ಸಮಯ ಇರಲಿಲ್ಲ. ವಿಜ್ಞಾನಿಗಳು ಚೌಕಟ್ಟಿನಲ್ಲಿ ಹಾದುಹೋದ ಉಪಗ್ರಹಗಳನ್ನೂ ನಕ್ಷತ್ರಗಳನ್ನೂ ಹಿಡಿದು ಸಮಯ ಲೆಕ್ಕ ಹಾಕಬೇಕಾಯಿತು. ಅಷ್ಟೆಲ್ಲ ಮಾಡಿದ ಮೇಲೆ ಸುಮಾರು ನೂರಕ್ಕೆ 70 ಸ್ಪ್ರೈಟ್‌ಗಳಿಗೆ ಅವನ್ನು ಹುಟ್ಟಿಸಿದ ಸಿಡಿಲು ಯಾವುದು ಅಂತ ಸಿಕ್ಕಿತು. ಹೆಚ್ಚಿನವು ಏನು ಅಂತ ಹೇಳಬೇಕಾ? ಜೋರು ಏಟಿನ ಪಾಸಿಟಿವ್ ಸಿಡಿಲು.